ಮೈಯನ್ನೇ ತೂರುವ ಎಕ್ಸ್-ರೇಗೆ ಗಾಳಿ ಅಡ್ಡವೇ?

ಪ್ರಶ್ನೆ: ಎಕ್ಸ್-ರೇ ನಮ್ಮ ಮೈಯನ್ನೇ ತೂರಿಕೊಂಡು ಹೋಗುತ್ತದೆ. ಹಾಗಿರುವಾಗ ಆಕಾಶದಿಂದ ಬರುವ ಎಕ್ಸ್-ರೇ ಹಿಡಿಯಲು ರಾಕೆಟ್ಟೇ ಯಾಕೆ ಬೇಕಾಯಿತು? ಎತ್ತರದ ಬೆಟ್ಟದ ಮೇಲೆ ಉಪಕರಣ ಇಟ್ಟರೆ ಸಾಲದೇ?

ಸಾಲದು. ಗಾಳಿ ಹಗುರ ನಿಜ, ಆದರೆ ನಮ್ಮ ತಲೆಯ ಮೇಲೆ ಅದು ಬಹಳಷ್ಟಿದೆ. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ., ಅಂದರೆ 10 ಮೀಟರ್ ಆಳದ ನೀರಿನಷ್ಟು. ಆಸ್ಪತ್ರೆಯ ಎಕ್ಸ್-ರೇ ದಾಟುವುದು ಗೇಣುದ್ದದ ಎದೆಯನ್ನು ಮಾತ್ರ, ಅದರಲ್ಲೂ ಬಹುಪಾಲು ಮೈಯೊಳಗೇ ಇಂಗಿಹೋಗುತ್ತದೆ. ಆಕಾಶದಿಂದ ಬರುವುದರಲ್ಲಿ ಹೆಚ್ಚಿನದು ಅದಕ್ಕಿಂತ ಎಷ್ಟೋ ಕಡಿಮೆ ಶಕ್ತಿಯ, ಬೇಗ ಹೀರಿಕೆಯಾಗುವ ಎಕ್ಸ್-ರೇ. ಬೆಟ್ಟವಿರಲಿ, 40 ಕಿ.ಮೀ. ಏರುವ ಬಲೂನಿಗೂ ಅದು ಸಿಗುವುದಿಲ್ಲ. ಸುಮಾರು 80 ಕಿ.ಮೀ. ದಾಟಬೇಕು.

ಎಕ್ಸ್-ರೇ ಹುಡುಕಲು ಅಷ್ಟು ಎತ್ತರಕ್ಕೆ ರಾಕೆಟ್ ಮೊದಲು ಹೋಗಿದ್ದು ಸೂರ್ಯನಿಗಾಗಿ. 1940ರ ದಶಕದ ಕೊನೆಯಲ್ಲಿ ಜರ್ಮನರಿಂದ ವಶಪಡಿಸಿಕೊಂಡ ವಿ-2 ರಾಕೆಟ್‌ಗಳಲ್ಲಿ ಉಪಕರಣ ಇಟ್ಟು, ಸೂರ್ಯನಿಂದ ಎಕ್ಸ್-ರೇ ಬರುವುದನ್ನು ಅಮೆರಿಕದಲ್ಲಿ ಖಚಿತಪಡಿಸಿಕೊಂಡರು. ಆ ಲೆಕ್ಕದಲ್ಲಿ, ಹತ್ತಿರದ ನಕ್ಷತ್ರವೂ ಸೂರ್ಯನಂಥದ್ದೇ ಆಗಿದ್ದರೆ ಅದರ ಎಕ್ಸ್-ರೇ ಅಂದಿನ ಯಾವ ಉಪಕರಣಕ್ಕೂ ಎಟುಕುವಂತಿರಲಿಲ್ಲ. ಹಾಗಾಗಿ ಅಮೆರಿಕದಲ್ಲಿದ್ದ ಭೌತವಿಜ್ಞಾನಿಗಳಾದ ರಿಕಾರ್ಡೊ ಜಿಯಾಕೊನಿ, ಬ್ರೂನೊ ರೋಸಿ ಮತ್ತು ಸಂಗಡಿಗರು ಮುಂದಿಟ್ಟ ಗುರಿ ಚಂದ್ರ: ಸೂರ್ಯನ ಎಕ್ಸ್-ರೇ ಬಿದ್ದು ಚಂದ್ರನ ನೆಲವೂ ಎಕ್ಸ್-ರೇ ಸೂಸುತ್ತದೆಯೇ ಎಂದು ನೋಡುವುದು.

1962ರ ಜೂನ್ 18ರ ನಡುರಾತ್ರಿಗೆ ಒಂದು ನಿಮಿಷ ಇರುವಾಗ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಿಂದ ಅವರ ಏರೋಬೀ ರಾಕೆಟ್ ಹಾರಿತು. ಅದು ಮುಟ್ಟಿದ್ದು ಸುಮಾರು 225 ಕಿ.ಮೀ. ಎತ್ತರ. 80 ಕಿ.ಮೀ.ಗಿಂತ ಮೇಲಿದ್ದದ್ದು ಬರೀ 350 ಸೆಕೆಂಡ್. ಒಳಗೆ ವಿಕಿರಣ ಎಣಿಸುವ, ಅಭ್ರಕದ ತೆಳು ಕಿಟಕಿಗಳ ಗೈಗರ್ ಕೌಂಟರ್‌ಗಳು. ರಾಕೆಟ್ ಸೆಕೆಂಡಿಗೆ ಸುಮಾರು ಎರಡು ಸುತ್ತು ಗಿರಗಿರನೆ ತಿರುಗುತ್ತಿದ್ದುದರಿಂದ, ಚಂದ್ರನೊಂದಕ್ಕೇ ನೆಟ್ಟುಕೊಳ್ಳದೆ ಈ ಕೌಂಟರ್‌ಗಳು ಆಕಾಶದ ಅಗಲವಾದ ಪಟ್ಟಿಯೊಂದನ್ನು ಮತ್ತೆ ಮತ್ತೆ ಸವರುತ್ತ ಹೋದವು. ಈ ಸುತ್ತಾಟವೇ ಅವರನ್ನು ಗೆಲ್ಲಿಸಿತು ಅಂತ ನನಗನ್ನಿಸುತ್ತದೆ. ದಿಕ್ಕಿಗೆ ತಕ್ಕಂತೆ ಎಣಿಕೆಯ ನಕ್ಷೆ ಬಿಡಿಸಿದಾಗ ದಕ್ಷಿಣದ ಕಡೆ ದೊಡ್ಡದೊಂದು ಏರು ಕಂಡಿತು. ಚಂದ್ರನಿದ್ದದ್ದು ಬೇರೆ ಕಡೆ! ಉಳಿದ ದಿಕ್ಕುಗಳಲ್ಲೂ ಎಣಿಕೆ ಸೊನ್ನೆಗೆ ಇಳಿಯಲೇ ಇಲ್ಲ. ಇಡೀ ಆಕಾಶದಿಂದ ಸಮವಾಗಿ ಬರುವ ಎಕ್ಸ್-ರೇ ಹಿನ್ನೆಲೆಯೂ ಅದೇ ಹಾರಾಟದಲ್ಲಿ ಸಿಕ್ಕಿತ್ತು.

ನಂಬುವುದು ಸುಲಭವಿರಲಿಲ್ಲ. ಅಕ್ಟೋಬರಿನಲ್ಲಿ ಮತ್ತೊಂದು ರಾಕೆಟ್ ಹಾರಿಸಿದರು. ಆಗ ಆ ಭಾಗದ ಆಕಾಶ ದಿಗಂತದ ಕೆಳಗಿತ್ತು, ಏರು ಕಾಣಲಿಲ್ಲ. ಮರುವರ್ಷ ಜೂನಿನಲ್ಲಿ ಅದೇ ಜಾಗದಲ್ಲಿ ಮತ್ತೆ ಕಂಡಿತು. ಅಂದರೆ ಅದು ನಕ್ಷತ್ರಗಳ ಜೊತೆಯೇ ಮೂಡಿ ಮುಳುಗುವಂಥದ್ದು, ಭೂಮಿಯ ಸುತ್ತಲಿನ ಯಾವುದೋ ಕಣಗಳ ಚೇಷ್ಟೆ ಅಲ್ಲ. ಅಷ್ಟರಲ್ಲಿ, 1963ರ ಏಪ್ರಿಲ್‌ನಲ್ಲಿ, ಅಮೆರಿಕದ ಇನ್ನೊಬ್ಬ ವಿಜ್ಞಾನಿ ಹರ್ಬರ್ಟ್ ಫ್ರೀಡ್‌ಮನ್ ತಂಡ ಇನ್ನಷ್ಟು ಕಿರಿದಾದ ನೋಟದ ಉಪಕರಣದಿಂದ ಅದನ್ನು ವೃಶ್ಚಿಕ ರಾಶಿಯಲ್ಲಿ ಗುರುತಿಸಿತ್ತು. ಹೆಸರು ಸ್ಕಾರ್ಪಿಯಸ್ ಎಕ್ಸ್-1. ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರದಿಂದ ಸುಮಾರು 11 ಡಿಗ್ರಿ ಉತ್ತರಕ್ಕಿದೆ. ಬರಿಗಣ್ಣಿಗೆ ಕಾಣದು. ಜೊತೆಗಾರ ನಕ್ಷತ್ರದಿಂದ ಅನಿಲ ಸೆಳೆದುಕೊಳ್ಳುವ ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ತೀರಾ ಒತ್ತಾದ ತಿರುಳು) ಅದು. ಬೀಳುವ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ.

ನಮ್ಮಲ್ಲೂ ಇದರ ಬೆನ್ನು ಹತ್ತಿದವರಿದ್ದರು. ಉಡುಪಿ ಬಳಿಯ ಅದಮಾರಿನ ವಿಜ್ಞಾನಿ ಯು.ಆರ್. ರಾವ್ ಮತ್ತು ಸಹೋದ್ಯೋಗಿಗಳು 1960ರ ದಶಕದ ಕೊನೆಗೆ ಕೇರಳದ ತುಂಬಾದಿಂದ ರಾಕೆಟ್ ಹಾರಿಸಿ ಇದೇ ಸ್ಕಾರ್ಪಿಯಸ್ ಎಕ್ಸ್-1ರ ಎಕ್ಸ್-ರೇ ಅಳೆದರು.

ಒಂದು ಹಾರಾಟಕ್ಕೆ ಐದಾರು ನಿಮಿಷದ ನೋಟ ಮಾತ್ರ ಎಂಬ ಮಿತಿ ಹೋಗಿದ್ದು 1970ರ ಡಿಸೆಂಬರ್ 12ರಂದು, ಕೀನ್ಯಾ ಕರಾವಳಿಯಾಚೆಯ ಸಮುದ್ರದ ಕಟ್ಟೆಯಿಂದ ಎಕ್ಸ್-ರೇ ನೋಡುವ ಉಹುರು ಉಪಗ್ರಹ ಮೇಲೇರಿದಾಗ. ಅದರ ಕೊನೆಯ ಪಟ್ಟಿಯಲ್ಲಿ 339 ಎಕ್ಸ್-ರೇ ಮೂಲಗಳಿದ್ದವು.