ಮೊದಲು ರೋಗಿ ಯಾರು ಅಂತ ಹೇಳಿ

ಆಸ್ತಮಾ ಸಂಶೋಧನೆಗೆ ಬರಬೇಕು ಅಂತ ಆಸೆಪಡುವ ಯುವ ವೈದ್ಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಮೇಡಂ, ಯಾವ ಔಷಧಿ ಮೇಲೆ ಕೆಲಸ ಮಾಡಲಿ?" ಜಾಣ ಮಕ್ಕಳು, ಓದಿಕೊಂಡೇ ಬಂದಿರುತ್ತಾರೆ. ಇಂಟರ್‌ಲ್ಯೂಕಿನ್‌ಗಳ (ರೋಗನಿರೋಧಕ ಕಣಗಳು ಒಂದಕ್ಕೊಂದು ಸಂದೇಶ ಕಳಿಸುವ ಪ್ರೋಟೀನ್‌ಗಳು) ಪಟ್ಟಿಯನ್ನು ನನಗಿಂತ ಚೆನ್ನಾಗಿ ಒಪ್ಪಿಸುತ್ತಾರೆ. "ಸರಿ, ಯಾವ ರೋಗಿಗಳಿಗೆ ಕೊಡ್ತೀಯ?" ಅಂತ ಕೇಳಿದರೆ, "ಆಸ್ತಮಾ ಇರೋರಿಗೆ" ಅನ್ನುತ್ತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ.

ಉಬ್ಬಸ, ಕೆಮ್ಮು, ಎದೆಬಿಗಿತ ಎಲ್ಲರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಒಳಗೆ ನಡೆಯುತ್ತಿರುವುದು ಮಾತ್ರ ಒಂದೇ ಅಲ್ಲ. ಕೆಲವರ ಶ್ವಾಸನಾಳದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ ಸೇರಿಕೊಂಡಿರುತ್ತದೆ. ಇನ್ನು ಕೆಲವರಲ್ಲಿ ಹುಡುಕಿದರೂ ಸಿಗುವುದಿಲ್ಲ. ಈಗ ಇಯೋಸಿನೊಫಿಲ್ ತಗ್ಗಿಸುವ ಒಂದು ಔಷಧಿ ಇದೆ ಅಂದುಕೊಳ್ಳಿ. ಹತ್ತು ಜನರಿಗೆ ಕೊಟ್ಟಿರಿ. ಅವರಲ್ಲಿ ಇಬ್ಬರಿಗೆ ಮಾತ್ರ ಆ ಕಣದಿಂದ ತೊಂದರೆ. ಆ ಇಬ್ಬರು ತುಂಬಾ ಸುಧಾರಿಸಿದರು, ಉಳಿದ ಎಂಟು ಜನ ಇದ್ದ ಹಾಗೇ ಇದ್ದರು. ಸರಾಸರಿ ತೆಗೆದರೆ ಏನು ಬರುತ್ತದೆ? "ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ" ಅಂತ ಬರುತ್ತದೆ. ಔಷಧಿ ಮೂಲೆ ಸೇರುತ್ತದೆ, ಆ ಇಬ್ಬರ ಕಥೆ ಯಾರಿಗೂ ಗೊತ್ತಾಗುವುದಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. ಮೆಪೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಔಷಧಿಯ ವಿಷಯದಲ್ಲಿ ಹೆಚ್ಚುಕಮ್ಮಿ ಹೀಗೇ ಆಯಿತು. ಇಯೋಸಿನೊಫಿಲ್ ಬೆಳೆಯುವುದಕ್ಕೆ ಬೇಕಾದ ಇಂಟರ್‌ಲ್ಯೂಕಿನ್-5 ಅನ್ನು ಅದು ತಡೆಯುತ್ತದೆ. 2000ರಲ್ಲಿ ಬಂದ ಅಧ್ಯಯನ ಸೌಮ್ಯ ಆಸ್ತಮಾ ಇದ್ದವರ ಮೇಲೆ ನಡೆದಿತ್ತು. ರಕ್ತದಲ್ಲೂ ಕಫದಲ್ಲೂ ಆ ಕಣಗಳು ಇಳಿದವು. ಆದರೆ ಅಲರ್ಜಿಯ ವಸ್ತು ಕೊಟ್ಟಾಗ ಶ್ವಾಸನಾಳ ಬಿಗಿಯುವುದು ತಗ್ಗಲಿಲ್ಲ. 2007ರಲ್ಲಿ 362 ರೋಗಿಗಳ ದೊಡ್ಡ ಟ್ರಯಲ್ ಬಂತು. ಲಕ್ಷಣಗಳಲ್ಲಿ, ಉಸಿರಾಟದ ಅಳತೆಗಳಲ್ಲಿ ಅದೂ ಗಣನೀಯ ಸುಧಾರಣೆ ತೋರಿಸಲಿಲ್ಲ. ಇಯೋಸಿನೊಫಿಲ್‌ಗೂ ಆಸ್ತಮಾಗೂ ಸಂಬಂಧವೇ ಇಲ್ಲವೇನೋ ಎಂಬ ಅನುಮಾನ ಶುರುವಾಯಿತು.

2009ರಲ್ಲಿ ಎರಡು ಚಿಕ್ಕ ಟ್ರಯಲ್‌ಗಳು ಪ್ರಕಟವಾದವು. ಒಂದು ಇಂಗ್ಲೆಂಡಿನ ಲೆಸ್ಟರ್ ತಂಡದ್ದು, 61 ಜನ. ಇನ್ನೊಂದು ಕೆನಡಾದ ಹ್ಯಾಮಿಲ್ಟನ್ ತಂಡದ್ದು, ಬರೀ 20 ಜನ. ಔಷಧಿ ಅದೇ, ರೋಗಿಗಳು ಬೇರೆ. ಸ್ಟಿರಾಯ್ಡ್ ತೆಗೆದುಕೊಂಡರೂ ಇಯೋಸಿನೊಫಿಲ್‌ನ ಕಾಟ ತಪ್ಪದ, ಪದೇ ಪದೇ ಜೋರಾಗಿ ಕಾಯಿಲೆ ಕೆರಳುವವರನ್ನೇ ಲೆಸ್ಟರ್‌ನವರು ಆರಿಸಿಕೊಂಡರು. 50 ವಾರಗಳಲ್ಲಿ ಹಾಗೆ ಕೆರಳಿದ್ದು, ಔಷಧಿ ಪಡೆದವರಲ್ಲಿ ತಲಾ ಸರಾಸರಿ 2.0 ಸಲ, ಪಡೆಯದವರಲ್ಲಿ 3.4 ಸಲ. ಇಲ್ಲೊಂದು ಸೂಕ್ಷ್ಮ ಇದೆ, ಬೇಸರ ಮಾಡಿಕೊಳ್ಳದೆ ಗಮನಿಸಿ. ದಿನದಿನದ ಲಕ್ಷಣಗಳಲ್ಲಿ ಈ ಟ್ರಯಲ್‌ನಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸರಿಯಾದ ರೋಗಿಗಳನ್ನು ಆರಿಸಿದ ಮೇಲೂ, ಏನನ್ನು ಅಳೆಯಬೇಕು ಅಂತ ಗೊತ್ತಿರದಿದ್ದರೆ ಇದೂ ಸೋತ ಟ್ರಯಲ್ ಅನ್ನಿಸಿಕೊಳ್ಳುತ್ತಿತ್ತು. 2015ರಲ್ಲಿ ಅಮೆರಿಕದಲ್ಲಿ ಈ ಔಷಧಿಗೆ ಅನುಮತಿ ಸಿಕ್ಕಿತು.

ಆ ರೋಗಿಗಳನ್ನು ಗುರುತಿಸುವುದು ಹೇಗೆ? ಕಫ ನೋಡಿ. ಉಪ್ಪುನೀರಿನ ಸಣ್ಣ ತುಂತುರನ್ನು ಉಸಿರಿಗೆ ಎಳೆಸಿ, ಕೆಮ್ಮಿಸಿ, ಬಂದದ್ದರಲ್ಲಿ ಎಂಜಲು ಬೇರೆ ಮಾಡಿ, ಸ್ಲೈಡ್ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯವಾಗಿ 400 ಕಣಗಳನ್ನು ಎಣಿಸಬೇಕು. ಇದನ್ನು ಹೇಳಿದಾಗ ಹುಡುಗರ ಮುಖ ನೋಡಬೇಕು ನೀವು! "ಕಫ ಎಣಿಸೋದಾ ಮೇಡಂ?" ಹೂಂ, ಕಫ ಎಣಿಸೋದೇ. ಮೊದಲ ವರ್ಷ ಬಹುಪಾಲು ಅದೇ.

ಅವರಿಗೆ ಇಷ್ಟವಾಗುವುದು ರೋಜರ್ ಆಲ್ಟೂನಿಯನ್ ಎಂಬ ವೈದ್ಯನ ಕಥೆ. ಆತನಿಗೇ ಆಸ್ತಮಾ ಇತ್ತು. ಗಿನಿ ಪಿಗ್‌ ಅಂದರೆ ಅಲರ್ಜಿ. ಅದರ ಸಾರವನ್ನು ತಾನೇ ಉಸಿರಿಗೆ ಎಳೆದುಕೊಂಡು ಉಬ್ಬಸ ಬರಿಸಿಕೊಳ್ಳುತ್ತಿದ್ದ. ಒಂದಾದ ಮೇಲೊಂದು ರಾಸಾಯನಿಕವನ್ನು ತನ್ನ ಮೇಲೇ ಪರೀಕ್ಷಿಸಿ, ವರ್ಷಗಳ ನಂತರ, 1965ರಲ್ಲಿ ಕ್ರೋಮೊಗ್ಲೈಕೇಟ್ ಎಂಬ ಆಸ್ತಮಾ ಔಷಧಿಗೆ ತಲುಪಿದ. ಧೈರ್ಯವಂತ, ಅನುಮಾನವೇ ಇಲ್ಲ. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡಲಾರದು, ನಾನಂತೂ ಕೊಡುವುದಿಲ್ಲ. ಆದರೆ ಈ ಕಥೆಯಲ್ಲೂ ನನ್ನ ಪ್ರಶ್ನೆಯೇ ಇದೆ ನೋಡಿ. ಪರೀಕ್ಷೆಗೆ ಒಳಗಾದವನು ಒಬ್ಬನೇ, ಅವನದು ಅಲರ್ಜಿಯ ಆಸ್ತಮಾ. ಆಮೇಲೆ ಆ ಔಷಧಿ ಕೆಲವರಿಗೆ ಚೆನ್ನಾಗಿ ನಾಟಿತು, ಇನ್ನು ಕೆಲವರಿಗೆ ಅಷ್ಟಕ್ಕಷ್ಟೇ.

ಇನ್ನೊಂದು ತುದಿಯ ತಪ್ಪೂ ಇದೆ. ಆರಿಸುತ್ತಾ ಆರಿಸುತ್ತಾ, ಧೂಮಪಾನ ಮಾಡುವವರು ಬೇಡ, ವಯಸ್ಸಾದವರು ಬೇಡ, ಬೇರೆ ಕಾಯಿಲೆ ಇದ್ದವರು ಬೇಡ ಅಂತ ಎಲ್ಲರನ್ನೂ ಹೊರಗಿಡುವುದು. ನ್ಯೂಜಿಲೆಂಡಿನ ವೆಲಿಂಗ್ಟನ್ ತಂಡ 2007ರಲ್ಲಿ ಒಂದು ಲೆಕ್ಕ ಹಾಕಿತು. ಚಿಕಿತ್ಸೆಯ ಮಾರ್ಗಸೂಚಿಗಳಿಗೆ ಆಧಾರವಾಗಿದ್ದ ದೊಡ್ಡ ಟ್ರಯಲ್‌ಗಳಿಗೆ, ತಮ್ಮ ಸುತ್ತಲಿನ ಸಾಮಾನ್ಯ ಆಸ್ತಮಾ ರೋಗಿಗಳಲ್ಲಿ ಎಷ್ಟು ಜನ ಅರ್ಹರಾಗುತ್ತಿದ್ದರು ಅಂತ. ಒಂದೊಂದು ಟ್ರಯಲ್‌ಗೆ ಒಂದೊಂದು ಸಂಖ್ಯೆ ಬಂತು, ಅವುಗಳ ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಶೇ. 4. ಅಂದರೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುವ ಬಹುತೇಕರನ್ನು ಆ ಟ್ರಯಲ್‌ಗಳು ಒಳಗೇ ಬಿಟ್ಟುಕೊಂಡಿರಲಿಲ್ಲ.

ಇದನ್ನು ಓದುತ್ತಿರುವ ರೋಗಿಗಳು "ಹಾಗಾದರೆ ಆ ಇಂಜೆಕ್ಷನ್ ನನಗೂ ಬರೆದುಕೊಡಿ" ಅನ್ನುತ್ತೀರಿ, ಗೊತ್ತು. ಸ್ವಲ್ಪ ತಡೆಯಿರಿ. ಕಾಯಿಲೆ ಹತೋಟಿಗೆ ಬರುತ್ತಿಲ್ಲ ಅಂತ ಬರುವ ಎಷ್ಟೋ ಜನರ ತೊಂದರೆ ಇರುವುದು ಇನ್‌ಹೇಲರ್ ಎಳೆಯುವ ರೀತಿಯಲ್ಲಿ, ಅಥವಾ ಅದನ್ನು ತಿಂಗಳುಗಟ್ಟಲೆ ಮುಟ್ಟದೇ ಇರುವುದರಲ್ಲಿ. ಮೊದಲು ಅದನ್ನು ನೋಡಬೇಕು. ರಕ್ತ ಪರೀಕ್ಷೆಯ ಒಂದೇ ರಿಪೋರ್ಟ್ ನಂಬಿಕೊಂಡು ತೀರ್ಮಾನ ಮಾಡಬೇಡಿ. ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಇಯೋಸಿನೊಫಿಲ್ ಸಂಖ್ಯೆ ಕಮ್ಮಿ ತೋರಿಸಬಹುದು, ಹೊಟ್ಟೆಯಲ್ಲಿ ಕೆಲವು ಜಾತಿಯ ಹುಳು ಇದ್ದರೆ ಜಾಸ್ತಿ ತೋರಿಸಬಹುದು. ನಿಮ್ಮನ್ನು ನೋಡುತ್ತಿರುವ ವೈದ್ಯರೇ ಅದನ್ನು ತೂಗಿ ಹೇಳಬೇಕು. ಅಲ್ಲಿಯವರೆಗೆ ದಯವಿಟ್ಟು ಇರುವ ಇನ್‌ಹೇಲರ್ ನಿಲ್ಲಿಸಬೇಡಿ.

ಇನ್ನು ಈ ಕ್ಷೇತ್ರಕ್ಕೆ ಬರಲೇಬೇಕು ಅಂತಿರುವವರಿಗೆ. ಗೈಡ್ ಹುಡುಕುವಾಗ ಅವರ ಪೇಪರ್‌ಗಳ ಸಂಖ್ಯೆ ನೋಡಬೇಡಿ. ಅವರ ಕ್ಲಿನಿಕ್‌ನಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ. ರೋಗಿ ಮಾತಾಡುವಾಗ ಕೇಳಿಸಿಕೊಳ್ಳುತ್ತಾರಾ? ಇನ್‌ಹೇಲರ್ ಕೈಗೆ ಕೊಟ್ಟು "ಎಲ್ಲಿ, ತಗೊಂಡು ತೋರಿಸಿ" ಅನ್ನುತ್ತಾರಾ? ಸಂಖ್ಯಾಶಾಸ್ತ್ರ ಬಲ್ಲವರನ್ನು ಟ್ರಯಲ್ ಮುಗಿದ ಮೇಲಲ್ಲ, ಶುರು ಮಾಡುವ ಮೊದಲೇ ಕರೆಸುತ್ತಾರಾ? ಇಷ್ಟು ಇದ್ದರೆ ಸೇರಿಕೊಳ್ಳಿ. ಸಂಬಳದ ವಿಷಯ ಅವರನ್ನೇ ಕೇಳಿ, ನನ್ನನ್ನು ಕೇಳಬೇಡಿ.