ಚೈನ್‌ಸಾ ಕಲಿಯೋರು ಮೊದಲು ಬಾರ್ ಅರ್ಥ ಮಾಡ್ಕೊಳ್ಳಿ, ಇಂಜಿನ್ ಆಮೇಲೆ

ಚೈನ್‌ಸಾ, ಅಂದ್ರೆ ಹಲ್ಲಿನ ಚೈನ್ ಓಡಿಸಿ ಮರ ಕುಯ್ಯೋ ಮಷೀನ್, ಕಲಿಯೋಕೆ ಬರೋರಲ್ಲಿ ಹೆಚ್ಚಿನವರು ಮೊದಲು ಕೇಳೋದೇ ಎಷ್ಟು ಸಿಸಿದು ತಗೋಬೇಕು ಅಂತ. 35ರಿಂದ 40 ಸಿಸಿ, 14 ಇಲ್ಲಾ 16 ಇಂಚಿನ ಬಾರ್ (ಚೈನ್ ಸುತ್ತ ಓಡೋ ಉದ್ದನೆ ಚಪ್ಪಟೆ ಪಟ್ಟಿ), ಹೊಸಬರಿಗೆ ಧಾರಾಳ ಸಾಕು. ಅದಕ್ಕಿಂತ ದೊಡ್ಡದು ತಗೊಂಡ್ರೆ ತೂಕಕ್ಕೇ ಕೈ ಸೋಲುತ್ತೆ, ಕೈ ಸೋತ್ರೆ ಹಿಡಿತ ಸಡಿಲ ಆಗುತ್ತೆ, ಮುಂದಿನದ್ದು ಹೇಳೋದೇ ಬೇಡ. ಇಷ್ಟು ಹೇಳಿ ಇಂಜಿನ್ ಮಾತು ಬಿಟ್ಟು, ಮಷೀನ್ ಆಫ್ ಇರುವಾಗ್ಲೇ ಗ್ಲೌಸ್ ಹಾಕ್ಕೊಂಡು ಚೈನನ್ನ ಕೈಯಲ್ಲೇ ಎಳೆದು ತೋರಿಸ್ತೀನಿ, ಅದು ಎಲ್ಲಿಂದ ಎಲ್ಲಿಗೆ ಓಡುತ್ತೆ ಅಂತ. ಇದು ತಲೆಗೆ ಹೋಗೋ ತನಕ ಸ್ಟಾರ್ಟ್ ಮಾಡೋಕೆ ಬಿಡಲ್ಲ.

ನೋಡಿ, ಬಾರ್‌ನ ಮೇಲಂಚಲ್ಲಿ ಚೈನ್ ನಿಮ್ಮಿಂದ ದೂರಕ್ಕೆ ಓಡುತ್ತೆ, ತುದಿ ಸುತ್ತಿ ಕೆಳಗಂಚಲ್ಲಿ ನಿಮ್ಮ ಕಡೆಗೆ ವಾಪಸ್ ಬರುತ್ತೆ. ಹಾಗಾಗಿ ಕೆಳಗಂಚಲ್ಲಿ ಕುಯ್ದಾಗ ಮಷೀನು ನಿಮ್ಮ ಕೈಯಿಂದ ಮರದ ಕಡೆಗೆ ಎಳ್ಕೊಂಡು ಹೋಗುತ್ತೆ, ಮೇಲಂಚಲ್ಲಿ ಕುಯ್ದಾಗ ವಾಪಸ್ ನಿಮ್ಮ ಮೈ ಮೇಲೆ ತಳ್ಳುತ್ತೆ. ಎರಡೂ ತಪ್ಪಲ್ಲ, ಎರಡೂ ಬಳಸ್ತೀವಿ, ಆದ್ರೆ ಈಗ ಎಳೆಯುತ್ತಾ ತಳ್ಳುತ್ತಾ ಅನ್ನೋದು ಕುಯ್ಯೋಕೆ ಮುಂಚೆನೇ ಗೊತ್ತಿರಬೇಕು.

ನಿಜವಾದ ಅಪಾಯ ಇರೋದು ಬಾರ್‌ನ ಮೂತಿಯಲ್ಲಿ, ಅದರಲ್ಲೂ ಮೂತಿಯ ಮೇಲಿನ ಅರ್ಧದಲ್ಲಿ. ಆ ಜಾಗ ಗಟ್ಟಿಯಾದ ಯಾವುದಕ್ಕಾದ್ರೂ ತಗುಲಿದ್ರೆ ಹಲ್ಲು ಕುಯ್ಯೋಕಾಗದೆ ಕಚ್ಕೊಳ್ಳುತ್ತೆ, ಓಡ್ತಿದ್ದ ಚೈನ್‌ನ ಜೋರೆಲ್ಲ ಬಾರ್‌ಗೆ ತಿರುಗಿ, ಬಾರ್ ಮೇಲಕ್ಕೆದ್ದು ಸೀದಾ ಮುಖ ಕುತ್ತಿಗೆ ಕಡೆಗೆ ಬರುತ್ತೆ. ಇದಕ್ಕೇ ಕಿಕ್‌ಬ್ಯಾಕ್ ಅನ್ನೋದು. ಫುಲ್ ಆಕ್ಸಿಲರೇಟರಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡ್ತಿರುತ್ತೆ, ಬಾರ್ ಏಳ್ತಿದೆ ಅಂತ ನಿಮಗೆ ಗೊತ್ತಾಗೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ, ಆಗ ಹಿಡ್ಕೋತೀನಿ ಅನ್ನೋದೆಲ್ಲ ನಡೆಯಲ್ಲ. ಇನ್ನೊಂದು ವಿಷಯ, ಎಷ್ಟೋ ಸಲ ಕಿಕ್‌ಬ್ಯಾಕ್ ಆಗೋದು ಕುಯ್ತಿರೋ ದಿಮ್ಮಿಯಿಂದ ಅಲ್ಲ, ಅದರ ಹಿಂದೆ ಬಿದ್ದಿರೋ ಇನ್ನೊಂದು ಕೊಂಬೆಗೆ ಮೂತಿ ತಗುಲಿ. ಕುಯ್ಯೋ ಗೆರೆ ಮೇಲೇ ಕಣ್ಣಿಟ್ಟೋರಿಗೆ ಅದು ಕಾಣೋದೇ ಇಲ್ಲ. ಅದಕ್ಕೆ ಬಾರ್ ಇಡೋ ಮುಂಚೆ ಮೂತಿ ಎಲ್ಲಿಗೆ ಹೋಗಿ ನಿಲ್ಲುತ್ತೆ ನೋಡಿ, ಅಡ್ಡ ಇರೋದನ್ನ ಸರಿಸಿ ಅಂತ ನಾನು ಪ್ರತಿ ಸಲ ಹೇಳ್ತೀನಿ, ಕೇಳಿ ಕೇಳಿ ಅವರಿಗೆ ಬೇಜಾರಾದ್ರೂ ಪರವಾಗಿಲ್ಲ.

ಹಿಡಿಯೋ ರೀತಿನೂ ಇದರಿಂದಾನೇ ಬಂದಿರೋದು. ಎಡಗೈ ಮುಂದಿನ ಹಿಡಿ ಮೇಲೆ, ಹೆಬ್ಬೆರಳು ಕೆಳಗಿಂದ ಸುತ್ತಿರಬೇಕು, ಮೇಲೆ ಉಳಿದ ಬೆರಳುಗಳ ಜೊತೆ ಮಲಗಿಸಿದ್ರೆ ಬಾರ್ ಎದ್ದಾಗ ಕೈ ಜಾರೋದು ಖಂಡಿತ. ಬಲಗೈ ಹಿಂದಿನ ಹಿಡಿಯಲ್ಲಿ. ಎಡಚರಿಗೂ ಇದೇ ಲೆಕ್ಕ, ಮಷೀನ್ ಮಾಡಿರೋದೇ ಹಾಗೆ. ನಿಲ್ಲುವಾಗ ಬಾರ್‌ನ ನೇರಕ್ಕೆ ತಲೆ ಇರಬಾರದು, ಸ್ವಲ್ಪ ಎಡಕ್ಕೆ ನಿಲ್ಲಿ, ಎಡ ಮೊಣಕೈ ಆದಷ್ಟು ನೇರ ಇರಲಿ. ಭುಜಕ್ಕಿಂತ ಮೇಲೆ ಎತ್ತಿ ಕುಯ್ಯೋದು, ಏಣಿ ಹತ್ತಿ ಕುಯ್ಯೋದು, ಒಂದೇ ಕೈಯಲ್ಲಿ ಕುಯ್ಯೋದು ಯಾವುದೂ ಬೇಡ. ಎಡಗೈ ಮುಂದೆ ಒಂದು ಗಾರ್ಡ್ ಇರುತ್ತಲ್ಲ, ಅದೇ ಚೈನ್ ಬ್ರೇಕ್, ಮುಂದಕ್ಕೆ ತಳ್ಳಿದ್ರೆ ಚೈನ್ ನಿಲ್ಲುತ್ತೆ, ಈಗಿನ ಮಷೀನ್‌ಗಳಲ್ಲಿ ಕಿಕ್‌ಬ್ಯಾಕ್‌ನ ಝಟ್ಕಾಗೆ ತಾನೇ ಬೀಳೋ ಹಾಗೂ ಇರುತ್ತೆ. ದಿನಾ ಕೆಲಸ ಶುರು ಮಾಡೋ ಮುಂಚೆ ಅದು ಬೀಳುತ್ತಾ ಅಂತ ಪರೀಕ್ಷೆ ಮಾಡಿ, ಎರಡು ಹೆಜ್ಜೆ ನಡೆಯೋದಿದ್ರೂ ಬ್ರೇಕ್ ಹಾಕೇ ನಡೀರಿ.

ಮೈಗೆ ಹಾಕೋದರ ಬಗ್ಗೆ ನಾನು ರಾಜಿ ಆಗಲ್ಲ. ವೈಸರ್ ಇರೋ ಹೆಲ್ಮೆಟ್, ಇಯರ್ ಮಫ್ (ಪೆಟ್ರೋಲ್ ಮಷೀನ್ ಸದ್ದು 100 ಡೆಸಿಬಲ್ ದಾಟುತ್ತೆ), ಸ್ಟೀಲ್ ಟೋ ಬೂಟು, ಆಮೇಲೆ ಕಾಲಿಗೆ ಚೈನ್‌ಸಾ ಪ್ಯಾಂಟು. ಆ ಪ್ಯಾಂಟಿನ ಒಳಗೆ ಉದ್ದುದ್ದ ನಾರಿನ ಪದರ ಇರುತ್ತೆ, ಚೈನ್ ತಗುಲಿದ ಕೂಡ್ಲೇ ನಾರು ಕಿತ್ಕೊಂಡು ಬಂದು ಚೈನ್ ತಿರುಗಿಸೋ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿ ಮಷೀನೇ ಜಾಮ್ ಆಗೋ ಹಾಗೆ ಮಾಡುತ್ತೆ. ಜೀನ್ಸ್ ದಪ್ಪ ಇದೆ ಸಾಕು ಅನ್ನೋರಿಗೆ ಹೇಳ್ತೀನಿ, ಸಾಲದು. ಬ್ಯಾಟರಿ ಮಷೀನ್ ತಗೊಂಡೋರು ಸದ್ದು ಕಮ್ಮಿ ಅಂತ ಆಟದ ಸಾಮಾನಿನ ಥರ ನೋಡ್ತಾರೆ, ಚೈನ್ ಅದೇ, ಕಿಕ್‌ಬ್ಯಾಕ್ ಅದೇ, ಮೋಟರ್‌ನ ಎಳೆತ ಜಾಸ್ತಿ ಇರೋದ್ರಿಂದ ಪ್ಯಾಂಟಿನ ನಾರು ಅದನ್ನ ಅಷ್ಟು ಸುಲಭಕ್ಕೆ ನಿಲ್ಲಿಸದೇನೂ ಇರಬಹುದು. ಚೈನ್ ಮುಟ್ಟೋ ಮುಂಚೆ ಬ್ಯಾಟರಿ ತೆಗೀರಿ.

ಪೆಟ್ರೋಲ್ ಮಷೀನ್‌ಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು, 50:1 ಅಂದ್ರೆ ಲೀಟರ್ ಪೆಟ್ರೋಲ್‌ಗೆ 20 ಎಂಎಲ್, ನಿಮ್ಮ ಮಷೀನ್‌ಗೆ ಎಷ್ಟು ಅಂತ ಮ್ಯಾನುಯಲಲ್ಲಿ ಇರುತ್ತೆ. ಬಾರ್ ಆಯಿಲ್‌ಗೆ (ಬಾರ್ ಮೇಲೆ ಚೈನ್ ಸಲೀಸಾಗಿ ಓಡೋಕೆ ಹಾಕೋ ಎಣ್ಣೆ) ಬೇರೆ ಟ್ಯಾಂಕ್ ಇದೆ, ಅದನ್ನ ಮರೀಬೇಡಿ. ಸ್ಟಾರ್ಟ್ ಮಾಡೋದು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಬಲಗಾಲಿನ ಬೂಟಿನ ತುದಿ ಹಿಂದಿನ ಹಿಡಿಯೊಳಗೆ ಒತ್ತಿ, ಎಡಗೈಯಲ್ಲಿ ಮುಂದಿನ ಹಿಡಿ ಗಟ್ಟಿಯಾಗಿ ಹಿಡಿದು ಹಗ್ಗ ಎಳೀಬೇಕು. ಗಾಳಿಯಲ್ಲಿ ಎತ್ತಿ ಕೆಳಗೆ ಬೀಳಿಸ್ತಾ ಎಳೆಯೋ ಅಭ್ಯಾಸ ನೋಡೋಕೆ ಸ್ಟೈಲಾಗಿ ಕಾಣುತ್ತೆ, ನನ್ನ ಮುಂದೆ ಯಾರೂ ಮಾಡಬಾರದು. ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಬ್ರೇಕ್ ಬಿಟ್ಟು ನೋಡಿ, ಆಕ್ಸಿಲರೇಟರ್ ಒತ್ತದೇ ಇದ್ದಾಗ ಚೈನ್ ತಿರುಗಬಾರದು, ತಿರುಗಿದ್ರೆ ಆಫ್ ಮಾಡಿ, ಐಡ್ಲಿಂಗ್ ಸರಿ ಮಾಡಿಸದೆ ಕೆಲಸಕ್ಕೆ ಇಳೀಬೇಡಿ.

ಮೊದಲ ದಿನ ನೆಟ್ಟಗೆ ನಿಂತಿರೋ ಮರ ಮುಟ್ಟೋ ಹಾಗಿಲ್ಲ. ಸ್ಟ್ಯಾಂಡ್ ಮೇಲೆ ಕಟ್ಟಿಟ್ಟ, ತೊಡೆ ಗಾತ್ರದ ದಿಮ್ಮಿ ಸಾಕು. ಇಲ್ಲಿ ಕಲಿಯೋ ದೊಡ್ಡ ಪಾಠ ಅಂದ್ರೆ ಮರ ಎಲ್ಲಿ ಬಿಗಿ ಹಿಡಿದಿದೆ ಅಂತ ಓದೋದು. ದಿಮ್ಮಿಗೆ ಎರಡೂ ತುದಿಯಲ್ಲಿ ಆಸರೆ ಇದ್ದು ನಡುವೆ ಖಾಲಿ ಇದ್ರೆ ಅದು ಕೆಳಕ್ಕೆ ಬಾಗೋಕೆ ನೋಡ್ತಿರುತ್ತೆ, ಮೇಲ್ಭಾಗ ಒತ್ತಿಕೊಂಡಿರುತ್ತೆ, ಕೆಳಭಾಗ ಎಳ್ಕೊಂಡಿರುತ್ತೆ. ಮೇಲಿಂದ ಒಂದೇ ಸಮ ಕುಯ್ತಾ ಹೋದ್ರೆ ಸೀಳು ಮುಚ್ಕೊಂಡು ಬಾರ್ ಸಿಕ್ಕಾಕ್ಕೊಳ್ಳುತ್ತೆ. ಅದಕ್ಕೆ ಮೇಲಿಂದ ಮೂರನೇ ಒಂದು ಭಾಗ ಕುಯ್ದು, ಉಳಿದದ್ದನ್ನ ಕೆಳಗಿಂದ ಬಾರ್‌ನ ಮೇಲಂಚಲ್ಲಿ ಕುಯ್ಯಬೇಕು, ಆಗ ಮಷೀನು ನಿಮ್ಮ ಕಡೆ ತಳ್ಳುತ್ತೆ, ರೆಡಿ ಇರಿ. ಒಂದೇ ತುದಿಗೆ ಆಸರೆ ಇದ್ದು ಇನ್ನೊಂದು ಗಾಳಿಯಲ್ಲಿದ್ರೆ ಎಲ್ಲ ಉಲ್ಟಾ, ಮೊದಲು ಕೆಳಗಿಂದ ಮೂರನೇ ಒಂದು, ಆಮೇಲೆ ಮೇಲಿಂದ. ಸಿಕ್ಕಾಕ್ಕೊಂಡ್ರೆ ಆಫ್ ಮಾಡಿ ಬೆಣೆ ಹೊಡೆದು ಬಿಡಿಸಿ, ಮಷೀನ್ ಓಡ್ತಿರುವಾಗ ಜಗ್ಗಾಡಬೇಡಿ. ಬಾಗಿ ಬಿಗಿದು ನಿಂತಿರೋ ಸಣ್ಣ ಕೊಂಬೆ ಕಂಡ್ರೆ ಇನ್ನೂ ಹುಷಾರು, ಕುಯ್ದ ಕೂಡ್ಲೇ ಚಾಟಿ ಥರ ಬಂದು ಬಡಿಯುತ್ತೆ.

ಕುಯ್ಯುವಾಗ ಕೆಳಗೆ ಬೀಳೋದನ್ನ ನೋಡ್ತಾ ಇರಿ. ಚಕ್ಕೆ ಬೀಳ್ತಿದ್ರೆ ಚೈನ್ ಚೂಪಿದೆ, ಹಿಟ್ಟಿನ ಥರ ಪುಡಿ ಬೀಳ್ತಿದ್ರೆ ಮೊಂಡಾಗಿದೆ. ಮೊಂಡು ಚೈನ್ ಕಮ್ಮಿ ಅಪಾಯ ಅಂತ ಹೊಸಬರು ಅಂದ್ಕೋತಾರೆ, ಹಾಗಲ್ಲ, ಮೊಂಡಾದ್ರೆ ನೀವು ಒತ್ತೋಕೆ ಶುರು ಮಾಡ್ತೀರಿ, ಒತ್ತಿದಾಗ ಹಿಡಿತ ಹೋಗುತ್ತೆ, ಸುಸ್ತಾಗುತ್ತೆ. ಚೂಪಾದ ಚೈನ್ ತನ್ನ ಪಾಡಿಗೆ ಇಳೀತದೆ, ನೀವು ದಾರಿ ತೋರಿಸಿದ್ರೆ ಸಾಕು. ಈ ಹಲ್ಲಿನ ಆಕಾರಕ್ಕೆ ಒಂದು ಕತೆ ಇದೆ, 1940ರ ದಶಕದಲ್ಲಿ ಜೋಸೆಫ್ ಕಾಕ್ಸ್ ಅನ್ನೋ ಅಮೆರಿಕದ ಮರ ಕಡಿಯೋ ಕೆಲಸದ ಮನುಷ್ಯ, ಮರ ಕೊರೆಯೋ ಹುಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ತಾ ಹೋಗೋದನ್ನ ನೋಡಿ ಅದೇ ರೀತಿ ಎಡ ಬಲ ಹಲ್ಲಿನ ಚೈನ್ ಮಾಡಿದ್ರು, ಈಗಿನ ಚೈನ್‌ಗಳೆಲ್ಲ ಅದೇ ದಾರಿಯಲ್ಲಿ ಬಂದಿರೋವು. ಆ ಹಲ್ಲನ್ನ ಉಜ್ಜೋಕೆ ದುಂಡು ಅರ ಬೇಕು, ಚೈನ್ ನೋಡ್ಕೊಂಡು 4, 4.8 ಇಲ್ಲಾ 5.5 ಮಿಮೀ, ಕೋನ ಸಾಮಾನ್ಯವಾಗಿ 30 ಡಿಗ್ರಿ, ಒಳಗಿಂದ ಹೊರಕ್ಕೆ ಒಂದೇ ಕಡೆ ಉಜ್ಜಿ, ಪ್ರತಿ ಹಲ್ಲಿಗೂ ಅಷ್ಟೇ ಸಲ. ಒಂದು ಕಡೆ ಹಲ್ಲು ಗಿಡ್ಡ ಆದ್ರೆ ಸೀಳು ಸೊಟ್ಟಗೆ ಹೋಗುತ್ತೆ. ನಾನು ಟ್ಯಾಂಕ್ ಖಾಲಿಯಾದಾಗಲೆಲ್ಲ ಅರ ಹಿಡೀತೀನಿ, ಇಂಜಿನ್ ತಣಿಯೋಕೂ ಟೈಮ್ ಸಿಗುತ್ತೆ, ಕೈಗೂ ಬಿಡುವು.

ಹಾಗೇ ಚೈನ್‌ನ ಬಿಗಿ ನೋಡಿ, ಬಾರ್‌ಗೆ ಕೆಳಗಡೆ ತಾಗಿಕೊಂಡಿರಬೇಕು, ಕೈಯಲ್ಲಿ ಎಳೆದ್ರೆ ಸಲೀಸಾಗಿ ತಿರುಗಬೇಕು. ಹೊಸ ಚೈನ್ ಬೇಗ ಸಡಿಲ ಆಗುತ್ತೆ, ಪದೇ ಪದೇ ನೋಡ್ತಿರಿ. ಬಿಸಿ ಇದ್ದಾಗ ಬಿಗಿ ಮಾಡಿದ್ರೆ ಕೆಲಸ ಮುಗಿದ ಮೇಲೆ ಸ್ವಲ್ಪ ಸಡಿಲ ಮಾಡಿ ಇಡಿ, ತಣ್ಣಗಾದಾಗ ಚೈನ್ ಕುಗ್ಗುತ್ತೆ, ಹಾಗೇ ಬಿಟ್ರೆ ಬೇರಿಂಗ್ ಮೇಲೆ ಭಾರ ಬೀಳುತ್ತೆ.