ಅಜ್ಜಿಯ ಬುಗುಡಿ, ಆ್ಯಂಬುಲೆನ್ಸ್ ಹುಡುಗನ ಒಂಟಿ

ತೀರ್ಥಹಳ್ಳಿ ಕಡೆಯ ನಮ್ಮ ನೆಂಟರೊಬ್ಬರನ್ನು ಎದೆನೋವೆಂದು 108ರಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತಂದಾಗ ನಾನೂ ಜೊತೆಗಿದ್ದೆ. ಮಂಡಗದ್ದೆಯ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟ್ರೆಚರ್ ಹಿಡಿದು, ಇನ್ನೊಂದರಲ್ಲಿ ಆಕ್ಸಿಜನ್ ಮಾಸ್ಕ್ ಸರಿಮಾಡುತ್ತ, ಉದ್ದಕ್ಕೂ ಮಾತಾಡಿಸುತ್ತ ಬಂದವನು ಇಪ್ಪತ್ತೈದರ ಆಸುಪಾಸಿನ ಇಎಂಟಿ, ಅಂದರೆ ಆ್ಯಂಬುಲೆನ್ಸಿನ ತುರ್ತು ವೈದ್ಯಕೀಯ ತಂತ್ರಜ್ಞ. ವಾರ್ಡಿಗೆ ಸೇರಿಸಿ ಸ್ವಲ್ಪ ಸುಧಾರಿಸಿದ ಮೇಲೆ ನೆಂಟರು ಹೇಳಿದ್ದು: “ಹುಡ್ಗ ಪಾಪ ಚೆನ್ನಾಗ್ ನೋಡ್ಕಂಡ. ಆದ್ರೆ ಕಿವೀಲಿ ಅದೆಂತ ಮಾರಾಯ, ಪುಂಡ್ರ ಥರ?”

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯ ಮೂಗಲ್ಲಿ ಏಳು ಕಲ್ಲಿನ ಮೂಗುಬೊಟ್ಟು. ಡ್ರಿಪ್ ಹಾಕಲು ಬಂದ ಸಿಸ್ಟರ್ ಮೂಗಲ್ಲೂ ಒಂದು. ಅವು ಯಾರ ಕಣ್ಣಿಗೂ ಚುಚ್ಚಲಿಲ್ಲ. ಅವರ ಮನೆಯ ಜಗಲಿಯ ಫೋಟೊದಲ್ಲಿ ಅವರಪ್ಪನ ಎರಡೂ ಕಿವಿಗೆ ಕೆಂಪು ಕಲ್ಲಿನ ಒಂಟಿ ಇರುವುದನ್ನು ನಾನು ನೆನಪಿಸಲು ಹೋಗಲಿಲ್ಲ. ಎದೆನೋವಿನ ಮನುಷ್ಯ.

ಕಿವಿ ಚುಚ್ಚುವುದು ನಮ್ಮಲ್ಲಿ ಹಿಂದೆ ವೈದ್ಯರದೇ ಕೆಲಸವಾಗಿತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಶುರುವಾಗುವುದೇ ಅದರಿಂದ. ಮಗುವಿನ ಕಿವಿಯನ್ನು ರಕ್ಷೆಗೂ ಅಲಂಕಾರಕ್ಕೂ ಆರನೆಯ ಇಲ್ಲವೇ ಏಳನೆಯ ತಿಂಗಳಲ್ಲಿ ಚುಚ್ಚಬೇಕು. ಗಂಡಾದರೆ ಬಲಗಿವಿ ಮೊದಲು, ಹೆಣ್ಣಾದರೆ ಎಡ. ಬಿಸಿಲಿಗೆ ಹಿಡಿದಾಗ ಬೆಳಕು ಹಾಯುವ ತೆಳುವಾದ ಜಾಗ ನೋಡಿಕೊಂಡು ಚುಚ್ಚಬೇಕು. ತಪ್ಪು ಜಾಗಕ್ಕೆ ಚುಚ್ಚಿದರೆ ಏನೇನು ಕಾಟ, ಹರಿದ ಹಾಲೆಯನ್ನು ಕೂಡಿಸುವುದು ಹೇಗೆ ಎಂಬುದೂ ಅಲ್ಲೇ ಇದೆ. ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಹೆಸರಾಂತ ಶಸ್ತ್ರಕ್ರಿಯೆ ಬರುವುದೂ ಈ ಅಧ್ಯಾಯದಲ್ಲೇ.

ಊರುಗಳಲ್ಲಿ ಆ ಕೆಲಸ ಆಚಾರ್ರ ಕೈಗೆ, ಚಿನ್ನದ ತಂತಿಗೆ ಬಂತು. ಅಜ್ಜಿಯರು ಬುಗುಡಿ ಹಾಕುತ್ತಿದ್ದ ಕಿವಿಯ ಮೇಲಂಚನ್ನೇ ಈಗಿನ ಮಕ್ಕಳು ಹೀಲಿಕ್ಸ್ ಅನ್ನುತ್ತಾರೆ. ಅಲ್ಲಿರುವುದು ಮೃದುವಾದ ಎಲುಬು, ಅದಕ್ಕೆ ತನ್ನದೇ ರಕ್ತನಾಳವಿಲ್ಲ. ಕೀವಾದರೆ ಬೇಗ ಮಾಯುವುದಿಲ್ಲ, ಕಿವಿಯೇ ಮುರುಟಿಕೊಳ್ಳುವುದುಂಟು.

ಹಾಗಾದರೆ ಆಸ್ಪತ್ರೆ ಕೆಲಸದವರ ಆಭರಣಕ್ಕೆ ಕಡಿವಾಣ ಬಿದ್ದದ್ದು ಎಲ್ಲಿಂದ? ಒಂದು ಎಳೆ ಕೈಯದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ ಉಳಿದ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದಲ್ಲಿಂದ ಹೊರಟ ಆ ದಾರಿ, 2007ರಲ್ಲಿ ಇಂಗ್ಲೆಂಡಿನ ‘ಮೊಣಕೈ ಕೆಳಗೆ ಬರಿಗೈ’ ನಿಯಮಕ್ಕೆ, 2009ರ ವಿಶ್ವ ಆರೋಗ್ಯ ಸಂಸ್ಥೆಯ ಕೈ ಸ್ವಚ್ಛತೆಯ ಮಾರ್ಗಸೂಚಿಗೆ ಬಂದು ಮುಟ್ಟಿತು. ಉಂಗುರದ ಕೆಳಗಿನ ಚರ್ಮದಲ್ಲಿ ರೋಗಾಣು ಹೆಚ್ಚು ಉಳಿಯುತ್ತವೆ, ಕಲ್ಲಿನುಂಗುರ ಗ್ಲೌಸ್ ಹರಿಯುತ್ತದೆ. ಇದರಲ್ಲಿ ಜಗಳಕ್ಕೇನೂ ಇಲ್ಲ. ಆದರೆ ಇದೆಲ್ಲ ಬೆರಳು, ಮಣಿಕಟ್ಟಿನ ಮಾತು.

ಮುಖದ ಎಳೆಯೇ ಬೇರೆ, ಅದು ಮರ್ಯಾದೆಯದು. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೊಟ್ಟ ವರದಿ ನೋಡಿದರೆ, ಅಲ್ಲಿನ ಆ್ಯಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧ ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರದವರು. ಮಲಗಿಸಿಕೊಂಡು ಹೋಗುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರ! ಅಲ್ಲಿಂದ ಮೇಲೆದ್ದ ವೃತ್ತಿಗೆ ತರಬೇತಿ ಬಂತು, 1973ರಲ್ಲಿ ಆರು ತೋಳಿನ ನೀಲಿ ನಕ್ಷತ್ರ ಬಂತು. ನಮ್ಮ ಗಾಡಿಗಳ ಮೇಲೂ ಈಗ ಕಾಣುವುದು ಅದೇ. ಜನ ನಂಬಬೇಕಲ್ಲ, ಹಾಗಾಗಿ ಪೊಲೀಸರ, ಅಗ್ನಿಶಾಮಕದವರ ಶಿಸ್ತಿನ ಉಡುಪೂ ಮೈಗೇರಿತು. ಪೊಲೀಸರ ಕೂದಲಿನ ಉದ್ದಕ್ಕೆ ಇಲಾಖೆ ಮಿತಿ ಹಾಕಬಹುದೆಂದು 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಒಪ್ಪಿತು. 2004ರಲ್ಲಿ ಹುಬ್ಬಿಗೆ ರಿಂಗ್ ಹಾಕಿದ್ದ ಅಂಗಡಿ ನೌಕರಳೊಬ್ಬಳು ಧರ್ಮದ ಹೆಸರಲ್ಲಿ ಹೂಡಿದ ಮೊಕದ್ದಮೆ ಮೇಲ್ಮನವಿ ಕೋರ್ಟಿನಲ್ಲೂ ಬಿದ್ದುಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಉಲ್ಟಾ: ಡರ್ಬನ್ನಿನ ಶಾಲೆಯಲ್ಲಿ ದಕ್ಷಿಣ ಭಾರತ ಮೂಲದ ಹುಡುಗಿಯ ಮೂಗುಬೊಟ್ಟಿಗೆ ತಕರಾರು ಎದ್ದಾಗ, 2007ರಲ್ಲಿ ಸಂವಿಧಾನ ನ್ಯಾಯಾಲಯ ಹುಡುಗಿಯ ಪರ ನಿಂತಿತು.

ನಮ್ಮಲ್ಲಿ ಈ ವೃತ್ತಿಗೆ ಇನ್ನೂ ಎಳೆ ಪ್ರಾಯ. ‘ಆರೋಗ್ಯ ಕವಚ’ 108 ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಡ್ರೈವರನ್ನು ಪೈಲಟ್ ಎಂದು ಕರೆಯುವ ರೂಢಿಯೂ ಅದರ ಜೊತೆಗೇ ಬಂತು. ತುರ್ತು ವೈದ್ಯಕೀಯ ತಂತ್ರಜ್ಞರೆಂಬ ಹೆಸರು ಕೇಂದ್ರದ ಕಾಯ್ದೆಯೊಳಗೆ ಸೇರಿದ್ದು 2021ರಲ್ಲಿ. ಹರಿಯಾಣ ಸರ್ಕಾರ 2023ರಲ್ಲಿ ಆಸ್ಪತ್ರೆ ಸಿಬ್ಬಂದಿಗೆ ವಸ್ತ್ರಸಂಹಿತೆ ತಂದು ಭಾರೀ ಆಭರಣ, ಉದ್ದ ಉಗುರಿನ ಜೊತೆಗೆ ವಿಚಿತ್ರ ಕೇಶಶೈಲಿಯನ್ನೂ ಬೇಡವೆಂದಿತು. ಒಂದೇ ಪಟ್ಟಿಯಲ್ಲಿ ಸೋಂಕೂ ಇದೆ, ಮರ್ಯಾದೆಯೂ ಇದೆ, ಯಾವುದು ಯಾವುದೆಂದು ಬಿಡಿಸಿ ಹೇಳಿಲ್ಲ. ನನ್ನ ತಕರಾರು ಇಷ್ಟೇ. ಉಗುರಿಗೆ ಇರುವ ಕಾರಣವನ್ನು ಕೂದಲಿಗೂ ಹಚ್ಚಿದರೆ ಉಗುರಿನ ಮಾತೂ ಹಗುರಾಗುತ್ತದೆ.

ಮುಖದ ಆಭರಣಕ್ಕೂ ನಿಜವಾದ ಅಪಾಯಗಳಿವೆ. ದೊಡ್ಡ ನತ್ತು ಇದ್ದರೆ ಎನ್-95 ಮಾಸ್ಕ್ ಕೆನ್ನೆಗೆ ಕೂರುವುದಿಲ್ಲ. ಹೊಸದಾಗಿ ಚುಚ್ಚಿದ್ದು ಹಸಿ ಗಾಯವೇ, ರಕ್ತ ಸಿಡಿಯುವ ಕೆಲಸಕ್ಕೆ ಅದು ಒಳ್ಳೆಯದಲ್ಲ. ಪುಟ್ಟ ಮೂಗುಬೊಟ್ಟಿಗೆ, ಮಾಯ್ದ ಕಿವಿಯ ಒಂಟಿಗೆ ಇವೆರಡೂ ತಾಗುವುದಿಲ್ಲ.

ಗಾಡಿ ತೊಳೆಸುತ್ತಿದ್ದ ಆ ಹುಡುಗನನ್ನು ಹೊರಗೆ ಮಾತಾಡಿಸಿದೆ. ಜವಳ ತೆಗೆಸಿದ ದಿನವೇ ಅಜ್ಜಿ ಕಿವಿ ಚುಚ್ಚಿಸಿದ್ದಂತೆ. ಮನೇಲಿದ್ದಾಗ ರಿಂಗ್, ಡ್ಯೂಟಿಗೆ ಬರುವಾಗ ತಿರುಪಿನ ಒಂಟಿ. “ಕುಡ್ದು ಬಿದ್ದೋರ್ನ ಎತ್ತುವಾಗ ಕೈಗೆ ಸಿಕ್ಕಿದ್ದು ಹಿಡ್ದು ಎಳೀತಾರೆ ಸಾರ್, ಜೋತಾಡೋದು ಹಾಕಿದ್ರೆ ಕಿವಿ ಅವ್ರ ಕೈಲಿರುತ್ತೆ” ಅಂದ. ಐಡಿ ಕಾರ್ಡಿನ ದಾರವನ್ನೂ ಅಂಗಿಯೊಳಗೆ ತುರುಕಿಕೊಂಡಿದ್ದ.